ಬೆನ್ನು, ಕತ್ತು ‘ಲಟಕ್’ ಅನ್ನಿಸಿಕೊಳ್ಳುವ ಮೊದಲು ಆಗಲೇಬೇಕಾದ ಪರೀಕ್ಷೆ

ಕೈರೋಪ್ರಾಕ್ಟಿಕ್ ಮಾಡಿಸಿದರೆ ಸೊಂಟ ನೋವು ಹೋಗುತ್ತಾ? ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ. ಕೆಲವರು ಮೊಬೈಲ್‌ನಲ್ಲಿ ಲಟಲಟ ಸದ್ದಿನ ವಿಡಿಯೋ ನೋಡಿರುತ್ತಾರೆ. ಕೆಲವರು ಎಂಆರ್‌ಐ ಕವರ್ ಹಿಡಿದುಕೊಂಡೇ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮನ್ನು ಯಾರಾದರೂ ನಡೆಸಿ, ಬಗ್ಗಿಸಿ, ಬೆನ್ನು ತಟ್ಟಿ, ಮಂಡಿಗೆ ಸುತ್ತಿಗೆ ಬಡಿದು ನೋಡಿದ್ದಾರಾ? ಬಹಳ ಜನ ಇಲ್ಲ ಅನ್ನುತ್ತಾರೆ. ಹಾಗಾದರೆ ಮೊದಲು ಆ ಕೆಲಸ ಆಗಬೇಕು. ಆ ಪರೀಕ್ಷೆ ಹೇಗಿರುತ್ತದೆ, ಅದರಲ್ಲಿ ಏನು ತಿಳಿಯುತ್ತದೆ, ಎಲ್ಲಿ ಎಡವುತ್ತಾರೆ ಅನ್ನೋದನ್ನು ಹಂತಹಂತವಾಗಿ ಬರೆದಿದ್ದೇನೆ.

ಕೈರೋಪ್ರಾಕ್ಟಿಕ್ ಅಂದರೆ ಬೆನ್ನುಮೂಳೆಯ ಕೀಲುಗಳಿಗೆ ಕೈಯಿಂದ ಚುರುಕಾದ, ಅಳತೆ ಮಾಡಿದ ಒತ್ತಡ ಕೊಡುವ ಪದ್ಧತಿ. ಅಮೆರಿಕದ ಡೇವನ್‌ಪೋರ್ಟ್ ಊರಿನಲ್ಲಿ 1895ರಲ್ಲಿ ಡಿ.ಡಿ. ಪಾಮರ್ ಇದನ್ನು ಶುರು ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪೂರ್ತಿ ತರಬೇತಿಗೆ ಕನಿಷ್ಠ 4,200 ಗಂಟೆ ಅಂತ ಇಟ್ಟಿದೆ. ನಮ್ಮ ದೇಶದಲ್ಲಿ ವೈದ್ಯರಿಗೆ ಇರುವ ಹಾಗೆ ಕೈರೋಪ್ರಾಕ್ಟಿಕ್‌ಗೆ ಪ್ರತ್ಯೇಕ ಕೌನ್ಸಿಲ್ ಇಲ್ಲ. ಹಾಗಾಗಿ ಬೋರ್ಡ್ ನೋಡಿ ಆಳ ಅಳೆಯುವುದು ಕಷ್ಟ. ಅವರು ನಿಮ್ಮನ್ನು ಹೇಗೆ ಪರೀಕ್ಷಿಸುತ್ತಾರೆ ಅನ್ನೋದನ್ನು ನೋಡಿದರೆ ಬೇಗ ಗೊತ್ತಾಗುತ್ತದೆ. ಫಿಸಿಯೋಥೆರಪಿಯವರು ಬೆನ್ನು ತಿರುಗಿಸುವುದಾದರೂ ಇದೇ ನಿಯಮ.

ಆ ಸದ್ದಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಏಳುವಾಗ ‘ಲಟಕ್’ ಅನ್ನುತ್ತದೆ. ಬೆರಳಿನ ಗೆಣ್ಣು ಮುರಿಯುವುದನ್ನು 2015ರಲ್ಲಿ ಎಂಆರ್‌ಐ ಒಳಗೇ ಚಿತ್ರೀಕರಿಸಿ ಇದನ್ನು ತೋರಿಸಿದ್ದಾರೆ. ಜರುಗಿದ ಮೂಳೆ ಜಾಗಕ್ಕೆ ಕೂತ ಸದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಏನೇನು ಬೇಕು

ಪರೀಕ್ಷೆ ಮಾಡುವವರ ಮೇಜಿನ ಮೇಲೆ ಇರಬೇಕಾದ್ದು: ಬಿಪಿ ಮಷಿನ್, ಥರ್ಮಾಮೀಟರ್, ರಬ್ಬರ್ ತಲೆಯ ರಿಫ್ಲೆಕ್ಸ್ ಸುತ್ತಿಗೆ, ಹತ್ತಿ, ಒಬ್ಬರಿಗೆ ಬಳಸಿ ಎಸೆಯುವ ಪಿನ್, ಟೈಲರ್ ಟೇಪ್, ಒಂದು ಸ್ಕೆಚ್ ಪೆನ್, ಮತ್ತೆ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್. ಫೋರ್ಕ್ ಅಂದರೆ ತಟ್ಟಿದಾಗ ಕಂಪಿಸುವ ಎರಡು ಕವಲಿನ ಲೋಹದ ಕಡ್ಡಿ. ಎಲ್ಲವೂ ಒಂದು ಸಣ್ಣ ಬ್ಯಾಗಿನಲ್ಲಿ ಹಿಡಿಯುತ್ತವೆ. ಲಕ್ಷಾಂತರ ರೂಪಾಯಿಯ ಟೇಬಲ್ ಇದ್ದು ಈ ಸುತ್ತಿಗೆ ಇಲ್ಲದ ಜಾಗ ಕಂಡರೆ ನನಗಂತೂ ಅನುಮಾನ.

ನೀವು ಒಯ್ಯಬೇಕಾದ್ದು: ಹಳೇ ಚೀಟಿ, ಎಕ್ಸ್‌ರೇ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ರಕ್ತ ತೆಳು ಮಾಡುವ ಮಾತ್ರೆ ಮತ್ತು ಸ್ಟೀರಾಯ್ಡ್ ಇದ್ದರೆ ಕೇಳುವ ಮೊದಲೇ ಹೇಳಿ. ಸಡಿಲ ಬಟ್ಟೆ ಹಾಕಿಕೊಳ್ಳಿ. ಮಂಡಿ, ಪಾದ, ಬೆನ್ನು ಕಾಣಬೇಕು. ಸೀರೆ ಉಟ್ಟು ಹೋದರೆ ಅರ್ಧ ಪರೀಕ್ಷೆ ಆಗಲ್ಲ, ಚೂಡಿದಾರ್ ವಾಸಿ. ಹೆಣ್ಣುಮಕ್ಕಳು ಜೊತೆಗೆ ಮನೆಯವರನ್ನು ಒಳಗೆ ಕೂರಿಸಿಕೊಳ್ಳಬಹುದು, ಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ. ಅರ್ಧ ಗಂಟೆ ಬೇಕು. ಐದು ನಿಮಿಷದಲ್ಲಿ ಟೇಬಲ್ ಮೇಲೆ ಮಲಗಿಸಿದರೆ ಪರೀಕ್ಷೆ ಆಗಿಲ್ಲ ಅಂತಲೇ ಲೆಕ್ಕ.

ಹಂತ 1: ಮಾತು

ನೋವು ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಕೆಮ್ಮಿದರೆ ಸೀನಿದರೆ ಜಾಸ್ತಿಯಾಗುತ್ತಾ, ಬೆಳಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತದೆ, ಇವನ್ನೆಲ್ಲ ಕೇಳಬೇಕು. ಕೆಲಸ ಏನು ಅನ್ನೋದನ್ನೂ ಕೇಳಬೇಕು. ಎಪಿಎಂಸಿಯಲ್ಲಿ ಚೀಲ ಹೊರುವವರ ಸೊಂಟಕ್ಕೂ, ಭದ್ರಾ ನಾಲೆ ಕೆಳಗೆ ನಾಟಿ ಮಾಡುವವರ ಸೊಂಟಕ್ಕೂ, ಮೊಳಕಾಲ್ಮೂರಿನಲ್ಲಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವವರ ಸೊಂಟಕ್ಕೂ ಬೀಳುವ ಹೊರೆ ಬೇರೆ ಬೇರೆ.

ಉತ್ತರಗಳಲ್ಲೇ ಕೆಲವು ಸುಳಿವು ಇರುತ್ತವೆ. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ, ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಆರಾಮ ಅನ್ನಿಸುವುದು, ಆದರೆ ಸೈಕಲ್ ತುಳಿಯಲು ತೊಂದರೆಯಿಲ್ಲದಿರುವುದು ಬೆನ್ನುಹುರಿಯ ಕಾಲುವೆ ಕಿರಿದಾದ ಲಕ್ಷಣ. ಹರೆಯದವರಲ್ಲಿ ಬೆಳಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಬಿಗಿತ ಇದ್ದು, ಓಡಾಡಿದ ಮೇಲೆ ಸಡಿಲವಾದರೆ ಅದು ಉರಿಯೂತದ ಸಂಧಿವಾತ ಇರಬಹುದು.

ಮುಂದಿನವುಗಳಲ್ಲಿ ಒಂದಿದ್ದರೂ ಬೆನ್ನಿಗೆ ಕೈ ಹಾಕುವಂತಿಲ್ಲ, ಮೊದಲು ವೈದ್ಯರು ನೋಡಬೇಕು:

- ಮೂತ್ರ ಕಟ್ಟುವುದು, ಅಥವಾ ಮೂತ್ರ, ಮಲ ಹೋಗಿದ್ದೇ ತಿಳಿಯದಿರುವುದು
- ಗುದದ್ವಾರದ ಸುತ್ತ, ತೊಡೆಯ ಒಳಭಾಗದಲ್ಲಿ ಸ್ಪರ್ಶ ಗೊತ್ತಾಗದಿರುವುದು
- ಎರಡೂ ಕಾಲಿನ ಶಕ್ತಿ ಕುಂದುತ್ತಿರುವುದು
- ಸಂಜೆ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು
- ಹಿಂದೆ ಕ್ಯಾನ್ಸರ್ ಆಗಿದ್ದರೆ, ಅಥವಾ ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ
- ಬೈಕಿನಿಂದ ಬಿದ್ದಿದ್ದರೆ, ಅಡಿಕೆ ಮರದಿಂದ ಬಿದ್ದಿದ್ದರೆ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಕೂತಿದ್ದರೂ ಸಾಕು
- ಮಲಗಿದರೂ, ಹೇಗೆ ತಿರುಗಿದರೂ ಕಡಿಮೆಯಾಗದ ರಾತ್ರಿ ನೋವು

ಮೊದಲ ಮೂರು ತುರ್ತು. ಬೆನ್ನುಹುರಿಯ ಬಾಲದಂತಿರುವ ನರಗಳ ಗೊಂಚಲು ಒತ್ತಿಹೋಗಿರಬಹುದು. ನಾಳೆ ನೋಡೋಣ ಅನ್ನಬೇಡಿ. ದಾವಣಗೆರೆಯಲ್ಲಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಚಿತ್ರದುರ್ಗದಲ್ಲಾದರೆ ಜಿಲ್ಲಾ ಆಸ್ಪತ್ರೆ. ಅದೇ ದಿನ, ರಾತ್ರಿಯಾದರೆ ಅದೇ ರಾತ್ರಿ. ಗಾಡಿ ಇಲ್ಲದಿದ್ದರೆ 108.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ನಾಚಿಕೆ. ಮೂತ್ರದ ವಿಷಯ ಕೇಳಲು ಅವರಿಗೆ ಸಂಕೋಚ, ಹೇಳಲು ಇವರಿಗೆ ಸಂಕೋಚ. ಅವರು ಕೇಳದಿದ್ದರೂ ನೀವು ಹೇಳಿ.

ಹಂತ 2: ಬಿಪಿ, ಜ್ವರ, ತೂಕ

ಎರಡು ನಿಮಿಷದ ಕೆಲಸ, ಬಿಡುವವರೇ ಜಾಸ್ತಿ. ಕತ್ತು ತಿರುಗಿಸುವ ಯೋಚನೆ ಇದ್ದರೆ ಬಿಪಿ ನೋಡಲೇಬೇಕು. ತೂಕವನ್ನು ಹಳೇ ಚೀಟಿಯಲ್ಲಿರುವ ತೂಕದ ಜೊತೆ ಹೋಲಿಸಬೇಕು.

ಹಂತ 3: ನಡಿಗೆ

ಚಪ್ಪಲಿ ಬಿಟ್ಟು ಹತ್ತು ಹೆಜ್ಜೆ ಹೋಗಿ ಬರಬೇಕು. ಮಾಮೂಲಿ ನಡಿಗೆ ಆದ ಮೇಲೆ ಹಿಮ್ಮಡಿ ಮೇಲೆ ನಡೆಯಬೇಕು, ಆಮೇಲೆ ತುದಿಗಾಲ ಮೇಲೆ, ಕೊನೆಗೆ ಒಂದು ಗೆರೆ ಹಿಡಿದು ಒಂದು ಹೆಜ್ಜೆಯ ಮುಂದೆಯೇ ಇನ್ನೊಂದಿಟ್ಟು. ಹಿಮ್ಮಡಿ ಮೇಲೆ ನಿಂತಾಗ ಮುಂಗಾಲು ಕೆಳಗೆ ಬಿದ್ದರೆ ಸೊಂಟದ ನಾಲ್ಕನೇ ಅಥವಾ ಐದನೇ ನರಕ್ಕೆ ಪೆಟ್ಟಾಗಿದೆ ಅನ್ನೋ ಅನುಮಾನ ಬರಬೇಕು. ತುದಿಗಾಲ ಮೇಲೆ ಏಳಲಾಗದಿದ್ದರೆ ಅದರ ಕೆಳಗಿನ ನರ. ಒಂದು ಕಿವಿಮಾತು: ಎರಡೂ ಕಾಲಲ್ಲಿ ಒಟ್ಟಿಗೆ ಎದ್ದು ನಿಂತರೆ ಸಣ್ಣ ನಿಶ್ಶಕ್ತಿ ಅಡಗಿಬಿಡುತ್ತದೆ. ಗೋಡೆಗೆ ಬೆರಳು ತಾಗಿಸಿಕೊಂಡು ಒಂದೊಂದೇ ಕಾಲಲ್ಲಿ ಹತ್ತು ಸಲ ಎದ್ದು ಇಳಿಯಲಿ, ಆಗ ಗೊತ್ತಾಗುತ್ತದೆ.

ಕಾಲು ಬಿಗಿಯಾಗಿ, ನೆಲ ಒರೆಸುತ್ತಾ ನಡೆಯುತ್ತಿದ್ದರೆ ತೊಂದರೆ ಸೊಂಟದಲ್ಲಿ ಇರಲಿಕ್ಕಿಲ್ಲ, ಅದಕ್ಕಿಂತ ಮೇಲೆ ಇರಬಹುದು. ನಮ್ಮ ಜನ ಹವಾಯಿ ಚಪ್ಪಲಿ ಹಾಕುವುದರಿಂದ ಒಂದು ಒಳ್ಳೆಯ ಪ್ರಶ್ನೆ ಸುಲಭವಾಗಿ ಸಿಕ್ಕಿದೆ: ನಡೆಯುವಾಗ ಚಪ್ಪಲಿ ಕಳಚಿಹೋಗಿದ್ದು ಗೊತ್ತಾಗುತ್ತಾ? ಕಳಚುತ್ತದೆ ಅಂದರೆ ಶಕ್ತಿ ಕಡಿಮೆ. ಕಳಚಿದ್ದೇ ಗೊತ್ತಾಗಲ್ಲ ಅಂದರೆ ಸ್ಪರ್ಶವೂ ಹೋಗಿದೆ.

ಹಂತ 4: ಬಗ್ಗುವುದು, ತಿರುಗುವುದು

ಮುಂದೆ, ಹಿಂದೆ, ಪಕ್ಕಕ್ಕೆ, ತಿರುಚಿ, ಎಲ್ಲವನ್ನೂ ಮೊದಲು ನೀವೇ ಮಾಡಬೇಕು. ಅವರು ಹಿಡಿದು ಮಾಡಿಸುವುದು ಆಮೇಲೆ. ಈ ಕ್ರಮ ತಪ್ಪಿದರೆ ನಿಮ್ಮ ನೋವಿನ ಮಿತಿ ಗೊತ್ತಿಲ್ಲದೆ ತಳ್ಳಿದ ಹಾಗಾಗುತ್ತದೆ.

ಮುಂದಕ್ಕೆ ಬಗ್ಗುವುದನ್ನು ಟೇಪಿನಿಂದ ಅಳೆಯಬಹುದು. ಸೊಂಟದ ಹಿಂದೆ ಎರಡು ಸಣ್ಣ ಕುಳಿ ಇರುತ್ತವಲ್ಲ, ಆ ಮಟ್ಟದಿಂದ 10 ಸೆಂಟಿಮೀಟರ್ ಮೇಲೆ ಒಂದು ಗುರುತು, 5 ಸೆಂಟಿಮೀಟರ್ ಕೆಳಗೆ ಒಂದು ಗುರುತು. ಪೂರ್ತಿ ಬಗ್ಗಿದಾಗ 15 ಇದ್ದದ್ದು 20 ಆದರೂ ಆಗಬೇಕು. ಇದಕ್ಕೆ ಶೋಬರ್ ಪರೀಕ್ಷೆ ಅನ್ನುತ್ತಾರೆ. ಅಷ್ಟು ಹಿಗ್ಗದಿದ್ದರೆ ಬೆನ್ನು ಬಿಗಿದಿದೆ. ಯಾಕೆ ಬಿಗಿದಿದೆ ಅನ್ನೋದು ಮುಂದಿನ ಪ್ರಶ್ನೆ, ಮತ್ತು ನಮ್ಮ ಕಡೆ ಆ ಪ್ರಶ್ನೆಗೆ ಒಂದು ಹೆಚ್ಚಿನ ಉತ್ತರ ಇದೆ: ಫ್ಲೋರೋಸಿಸ್.

ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದರೆ ಮೂಳೆ ಗಡುಸಾಗುತ್ತದೆ. ಮೂಳೆಗಳನ್ನು ಕಟ್ಟಿಡುವ ಲಿಗಮೆಂಟ್ ಪಟ್ಟಿಗಳಲ್ಲಿ ಸುಣ್ಣ ಕೂರುತ್ತದೆ. ಬೆನ್ನುಹುರಿಯ ಕಾಲುವೆ ಕಿರಿದಾಗುತ್ತದೆ. ಅಂಥ ಬೆನ್ನನ್ನು ಜೋರಾಗಿ ತಿರುಚಿದರೆ ಸಡಿಲವಾಗುವುದಿಲ್ಲ, ಮುರಿಯಬಹುದು ಅಥವಾ ಹುರಿಗೆ ಪೆಟ್ಟಾಗಬಹುದು. ಎಲ್ಲೋ ದೂರದ ದೇಶದಲ್ಲಿ ಮಾಡಿದ ವಿಡಿಯೋದಲ್ಲಿ ಇದರ ಸುದ್ದಿ ಇರಲ್ಲ, ಅವರಿಗೆ ಬೇಕೂ ಇಲ್ಲ. ನಮಗೆ ಬೇಕು.

ಇದನ್ನು ಪತ್ತೆ ಮಾಡಲು ಸರ್ಕಾರದ ಫ್ಲೋರೋಸಿಸ್ ಕಾರ್ಯಕ್ರಮದಲ್ಲಿ ಮೂರು ಸುಲಭದ ಪರೀಕ್ಷೆ ಇವೆ. ಮನೆಯಲ್ಲೇ ಮಾಡಬಹುದು:

1. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು.
2. ಗದ್ದವನ್ನು ಎದೆಗೆ ತಾಗಿಸುವುದು.
3. ಎರಡೂ ಕೈ ಪಕ್ಕಕ್ಕೆ ಚಾಚಿ, ಮಡಚಿ ತಲೆಯ ಹಿಂಭಾಗ ಮುಟ್ಟುವುದು.

ಸೊಂಟ ಮಾತ್ರ ಹಿಡಿದಿದ್ದರೆ ಎರಡನೆಯದು, ಮೂರನೆಯದು ಸರಾಗವಾಗಿ ಆಗುತ್ತವೆ. ಮೂರೂ ಆಗದೆ, ಹಲ್ಲಿನ ಮೇಲೆ ಚಿಕ್ಕಂದಿನಿಂದ ಕಂದು ಕಲೆ ಇದ್ದು, ಅದೇ ಊರಿನ ನೀರು ಕುಡಿದು ಬೆಳೆದಿದ್ದರೆ ತಿರುಚುವ ಚಿಕಿತ್ಸೆ ಬೇಡ. ಬೆನ್ನಿನ ಜೊತೆಗೆ ಮುಂಗೈಯ ಎಕ್ಸ್‌ರೇ ಕೂಡ ತೆಗೆಸಲು ವೈದ್ಯರಿಗೆ ಹೇಳಿ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕೂತಿರುವುದು ಫ್ಲೋರೋಸಿಸ್‌ನ ಗಟ್ಟಿ ಗುರುತು. ಮೂತ್ರದಲ್ಲೂ ಫ್ಲೋರೈಡ್ ಅಳೆಯುತ್ತಾರೆ.

ಸುಮ್ನೆ ವಯಸ್ಸಾಯಿತು, ಅದಕ್ಕೇ ಬಗ್ಗಲ್ಲ ಅಂತ ತಳ್ಳಿಹಾಕುವುದು ಇಲ್ಲಿನ ದೊಡ್ಡ ತಪ್ಪು.

ಹಂತ 5: ಮುಟ್ಟುವುದು, ತಟ್ಟುವುದು

ಬೆನ್ನುಮೂಳೆಯ ಒಂದೊಂದೇ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಆಮೇಲೆ ಮೆಲ್ಲಗೆ ಮುಷ್ಟಿಯಿಂದ ಅಥವಾ ಸುತ್ತಿಗೆಯಿಂದ ತಟ್ಟಬೇಕು. ಪಕ್ಕದ ಮಾಂಸಖಂಡ ಒತ್ತಿದಾಗ ನೋಯುವುದು ಮಾಮೂಲಿ. ನಟ್ಟನಡುವಿನ ಒಂದೇ ಗಂಟು ತಟ್ಟಿದಾಗ ಹೌಹಾರಿದರೆ ಅಲ್ಲಿ ಮೂಳೆ ಮುರಿದಿರಬಹುದು, ಸೋಂಕು ಇರಬಹುದು, ಗಡ್ಡೆ ಇರಬಹುದು.

ಸೋಂಕು ಅಂದರೆ ನಮ್ಮಲ್ಲಿ ಮೊದಲು ನೆನಪಿಗೆ ಬರಬೇಕಾದ್ದು ಬೆನ್ನುಮೂಳೆಯ ಟಿಬಿ. ಕೆಮ್ಮು ಇಲ್ಲದೆಯೂ ಬರುತ್ತದೆ. ನಿಧಾನವಾಗಿ ಮೂಳೆ ಕರಗಿ, ಬೆನ್ನಿನ ಮಧ್ಯದಲ್ಲಿ ಸಣ್ಣ ಗೂನು ಎದ್ದಿರುತ್ತದೆ. ಪಕ್ಕದಿಂದ ನೋಡಿದರೆ ಕಾಣುತ್ತದೆ, ಹಿಂದಿನಿಂದ ನೋಡಿದರೆ ತಪ್ಪಿಹೋಗುತ್ತದೆ. ಆ ಗೂನನ್ನು ‘ಜರುಗಿದ ಮೂಳೆ’ ಅಂದುಕೊಂಡು ಒತ್ತಿದರೆ ಕಾಲಿನ ಶಕ್ತಿಯೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅದೇ 2005ರ ಮಾರ್ಗಸೂಚಿ ಬೆನ್ನುಮೂಳೆಯ ಟಿಬಿ ಇದ್ದರೆ ಕೈಯಿಂದ ತಿರುಚಲೇಬಾರದು ಅನ್ನುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಮಾತ್ರೆ ಉಚಿತ. ಪೂರ್ತಿ ಅವಧಿ ನುಂಗಿದರೆ ವಾಸಿಯಾಗುವ ಕಾಯಿಲೆ ಇದು.

ಹಂತ 6: ನರದ ಪರೀಕ್ಷೆ

ಬೆನ್ನಿನಿಂದ ಕೈಕಾಲಿಗೆ ಹೊರಡುವ ನರಕ್ಕೆ ಸಾಮಾನ್ಯವಾಗಿ ಮೂರು ಕೆಲಸ: ಒಂದಿಷ್ಟು ಮಾಂಸಖಂಡ ನಡೆಸುವುದು, ಒಂದಿಷ್ಟು ಚರ್ಮದಿಂದ ಸುದ್ದಿ ತರುವುದು, ಒಂದು ರಿಫ್ಲೆಕ್ಸ್ ಕಾಯುವುದು. ರಿಫ್ಲೆಕ್ಸ್ ಅಂದರೆ ಬಡಿದಾಗ ತಾನಾಗಿ ಎಗರುವ ಪ್ರತಿಕ್ರಿಯೆ. ಮೂರನ್ನೂ ನೋಡಿದರೆ ಯಾವ ನರ ಅನ್ನೋದು ಹೆಚ್ಚುಕಡಿಮೆ ಹೇಳಬಹುದು. ಚೀಟಿಯಲ್ಲಿ ಸಿ 6, ಎಲ್ 5, ಎಸ್ 1 ಅಂತ ಬರೆದಿರುತ್ತಾರಲ್ಲ, ಸಿ ಅಂದರೆ ಕತ್ತಿನ ನರ, ಎಲ್ ಅಂದರೆ ಸೊಂಟದ್ದು, ಎಸ್ ಅಂದರೆ ಅದರ ಕೆಳಗಿನದು.

ಕಾಲಿಗೆ ಬರುವ ಮುಖ್ಯವಾದವು:

- ಎಲ್ 4: ಪಾದ ಮೇಲೆತ್ತುವ ಶಕ್ತಿ, ಕಣಕಾಲಿನ ಒಳಬದಿಯ ಸ್ಪರ್ಶ, ಮಂಡಿಯ ರಿಫ್ಲೆಕ್ಸ್.
- ಎಲ್ 5: ಹೆಬ್ಬೆರಳು ಮೇಲೆತ್ತುವ ಶಕ್ತಿ, ಪಾದದ ಮೇಲ್ಭಾಗದ ಸ್ಪರ್ಶ. ಇದಕ್ಕೆ ನೆಚ್ಚಿಕೊಳ್ಳುವಂಥ ರಿಫ್ಲೆಕ್ಸ್ ಇಲ್ಲ.
- ಎಸ್ 1: ತುದಿಗಾಲಲ್ಲಿ ನಿಲ್ಲುವ ಶಕ್ತಿ, ಕಿರುಬೆರಳಿನ ಕಡೆಯ ಸ್ಪರ್ಶ, ಹಿಮ್ಮಡಿಯ ರಿಫ್ಲೆಕ್ಸ್.

ಕೈಗೆ: ಸಿ 5 ತೋಳನ್ನು ಪಕ್ಕಕ್ಕೆ ಎತ್ತುತ್ತದೆ. ಸಿ 6 ಮಣಿಕಟ್ಟು ಮೇಲೆತ್ತುತ್ತದೆ, ಹೆಬ್ಬೆರಳಿನ ಸ್ಪರ್ಶ ಅದರದ್ದು. ಸಿ 7 ಮೊಣಕೈ ನೆಟ್ಟಗೆ ಮಾಡುತ್ತದೆ, ನಡುಬೆರಳು ಅದರದ್ದು. ಸಿ 8 ಬೆರಳು ಮಡಚುತ್ತದೆ, ಕಿರುಬೆರಳು ಅದರದ್ದು.

ಶಕ್ತಿಗೆ 0ಯಿಂದ 5ರವರೆಗೆ ಅಂಕ. 5 ಅಂದರೆ ಪೂರ್ತಿ. 3 ಅಂದರೆ ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಬಲ್ಲರು, ಆದರೆ ಸ್ವಲ್ಪ ತಡೆದರೂ ಬೀಳುತ್ತದೆ. 0 ಅಂದರೆ ಮಿಸುಕೂ ಇಲ್ಲ. ರಿಫ್ಲೆಕ್ಸ್‌ಗೆ 0ಯಿಂದ 4, ಅಲ್ಲಿ 2 ಸಹಜ. ಈ ಅಂಕಗಳನ್ನು ಬರೆದಿಡಬೇಕು. ಬರೆಯದಿದ್ದರೆ ಮುಂದಿನ ಸಲ ಹೋಲಿಸಲು ಏನೂ ಇರಲ್ಲ.

ಈ ಹಂತದಲ್ಲಿ ಎಡವುವ ಜಾಗಗಳು ಬಹಳ. ಎರಡು ಬದಿ ಹೋಲಿಸದೆ ಒಂದೇ ಬದಿ ನೋಡುವುದು ಮೊದಲನೆಯದು. “ಇಲ್ಲಿ ಜೋಮು ಇದೆಯಲ್ವಾ?” ಅಂತ ಉತ್ತರವನ್ನೇ ಬಾಯಿಗಿಡುವುದು ಎರಡನೆಯದು; ಕಣ್ಣು ಮುಚ್ಚಿಸಿ, ಒಮ್ಮೆ ಹತ್ತಿ ಒಮ್ಮೆ ಪಿನ್, ತಾಳ ತಪ್ಪಿಸಿ ಮುಟ್ಟಿ, ಏನು ತಾಗಿತು ಅಂತ ಕೇಳಬೇಕು. ಹೆದರಿ ಬಿಗಿಯಾಗಿ ಕೂತವರಲ್ಲಿ ಮಂಡಿ ಎಗರುವುದಿಲ್ಲ. ಎರಡೂ ಕೈಬೆರಳು ಕೊಂಡಿ ಹಾಕಿ ಎಳೆಯಲು ಹೇಳಿ, ಅದೇ ಕ್ಷಣ ಬಡಿದರೆ ಎಗರುತ್ತದೆ. ವಯಸ್ಸಾದವರಲ್ಲಿ ಎರಡೂ ಹಿಮ್ಮಡಿಯ ರಿಫ್ಲೆಕ್ಸ್ ಇಲ್ಲದಿರುವುದು ಸಹಜ ಇರಬಹುದು. ಒಂದೇ ಕಡೆ ಇಲ್ಲ ಅಂದರೆ ಅದು ಸುದ್ದಿ.

ಇನ್ನೊಂದು. ಎರಡೂ ಪಾದದಲ್ಲಿ ಸಾಕ್ಸ್ ಹಾಕುವಷ್ಟು ಜಾಗ ಒಂದೇ ಸಮ ಜೋಮು ಹಿಡಿದಿದ್ದರೆ ಸೊಂಟದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆ) ಬೈಯುವ ಮೊದಲು ಸಕ್ಕರೆ ಕಾಯಿಲೆ, ಬಿ 12 ಕೊರತೆ ನೋಡಿ. ಇಲ್ಲಿ ಟ್ಯೂನಿಂಗ್ ಫೋರ್ಕ್ ಕೆಲಸಕ್ಕೆ ಬರುತ್ತದೆ. ಅದರ ಕಂಪನ ಕಾಲ್ಬೆರಳಿನಲ್ಲಿ ಗೊತ್ತಾಗದೆ ಮಂಡಿಯಲ್ಲಿ ಗೊತ್ತಾದರೆ ಬೆನ್ನು ತಿರುಚಿ ಪ್ರಯೋಜನವಿಲ್ಲ, ರಕ್ತ ಪರೀಕ್ಷೆ ಮಾಡಿಸಿ.

ಹಂತ 7: ಬೆನ್ನುಹುರಿ

ನರ ಒತ್ತಿದರೆ ರಿಫ್ಲೆಕ್ಸ್ ಮಂಕಾಗುತ್ತದೆ. ಹುರಿಯೇ ಒತ್ತಿದರೆ ಅದಕ್ಕೆ ತದ್ವಿರುದ್ಧ: ಕೆಳಗಿನ ರಿಫ್ಲೆಕ್ಸ್‌ಗಳೆಲ್ಲ ಜೋರಾಗುತ್ತವೆ. ಈ ಒಂದು ವ್ಯತ್ಯಾಸ ತಿಳಿಯದವರ ಕೈಗೆ ಕತ್ತು ಕೊಡಬೇಡಿ.

ಅಂಗಾಲಿನ ಹೊರಬದಿಯಲ್ಲಿ ಹಿಮ್ಮಡಿಯಿಂದ ಬೆರಳಿನ ಕಡೆಗೆ ಮೊಂಡು ಕಡ್ಡಿಯಿಂದ ನಿಧಾನವಾಗಿ ಗೀರಬೇಕು. ದೊಡ್ಡವರಲ್ಲಿ ಹೆಬ್ಬೆರಳು ಕೆಳಗೆ ಬಾಗಬೇಕು. ಮೇಲಕ್ಕೆ ಎದ್ದರೆ ಮೆದುಳು ಅಥವಾ ಹುರಿಯಲ್ಲಿ ತೊಂದರೆ. ಫ್ರಾನ್ಸಿನ ಬಬಿನ್‌ಸ್ಕಿ 1896ರಲ್ಲಿ ವಿವರಿಸಿದ ಗುರುತು ಇದು, ಇವತ್ತಿಗೂ ಇದಕ್ಕೆ ಬದಲಿ ಬಂದಿಲ್ಲ. ಪಾದ ಒಮ್ಮೆಲೇ ಮೇಲಕ್ಕೆ ತಳ್ಳಿ ಹಿಡಿದಾಗ ಅದು ತಾನಾಗಿ ಪಟಪಟ ಬಡಿಯುತ್ತಲೇ ಇದ್ದರೆ ಕ್ಲೋನಸ್ ಅನ್ನುತ್ತಾರೆ. ಕೈಯಲ್ಲಿ ನಡುಬೆರಳಿನ ಉಗುರನ್ನು ಚಿಮ್ಮಿಸಿದಾಗ ಹೆಬ್ಬೆರಳು ಒಳಗೆ ಮಡಚಿಕೊಂಡರೆ ಹಾಫ್‌ಮನ್ ಗುರುತು. ಕಾಲು ಜೋಡಿಸಿ ನಿಂತು ಕಣ್ಣು ಮುಚ್ಚಿದಾಗ ಓಲಾಡಿ ಬೀಳುವಂತಾದರೆ ರಾಮ್‌ಬರ್ಗ್ ಗುರುತು. ಇವೂ ಹುರಿಯ ತೊಂದರೆಯ ಸುಳಿವು ಇರಬಹುದು. ಪರೀಕ್ಷೆ ಮಾಡುವವರು ಹಿಡಿಯಲು ಪಕ್ಕದಲ್ಲೇ ನಿಂತಿರಬೇಕು.

ಕತ್ತಿನಲ್ಲಿ ಹುರಿ ಒತ್ತಿದಾಗ ಎಷ್ಟೋ ಸಲ ನೋವೇ ಇರಲ್ಲ. ಅಂಗಿ ಗುಂಡಿ ಹಾಕಲು ತಡವಾಗುತ್ತದೆ, ರೊಟ್ಟಿ ಬಡಿಯುವಾಗ ಕೈ ಮಾತು ಕೇಳಲ್ಲ, ಹೂ ಕಟ್ಟಲು ಆಗಲ್ಲ, ಅನ್ನ ಕಲಸಿದ ತುತ್ತು ಜಾರುತ್ತದೆ, ನಡಿಗೆ ತೂರಾಡುತ್ತದೆ. ಮನೆಯವರು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಇಂಥವರ ಕತ್ತನ್ನು ತಿರುಚಿದರೆ ಆಗುವ ಅನಾಹುತಕ್ಕೆ ಆಮೇಲೆ ಔಷಧಿ ಇಲ್ಲ. ಬೇಕಾದ್ದು ಎಂಆರ್‌ಐ ಮತ್ತು ನರಶಸ್ತ್ರಚಿಕಿತ್ಸಕರು.

ಹಂತ 8: ಕಾಲೆತ್ತುವ ಪರೀಕ್ಷೆ ಮತ್ತು ಅದರ ಜೊತೆಯವು

ಅಂಗಾತ ಮಲಗಿಸಿ, ಮಂಡಿ ನೆಟ್ಟಗೆ ಇಟ್ಟು, ಅವರು ನಿಮ್ಮ ಕಾಲನ್ನು ನಿಧಾನವಾಗಿ ಎತ್ತುತ್ತಾರೆ. 30ರಿಂದ 70 ಡಿಗ್ರಿ ನಡುವೆ ಮಂಡಿಯಿಂದ ಕೆಳಗೆ ಚಳುಕು ಹರಿದರೆ ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನರ ಎಳೆಯುತ್ತಿದೆ. ತೊಡೆಯ ಹಿಂದೆ ಬಿಗಿದಂತೆ ಅನ್ನಿಸಿದರೆ ಅದು ಬರೀ ಮಾಂಸಖಂಡ. ಇದೆರಡನ್ನು ಕಲಸಿಕೊಂಡು ‘ಡಿಸ್ಕ್ ಇದೆ’ ಅಂತ ಹೇಳಿಸಿಕೊಂಡವರು ನಮ್ಮೂರಲ್ಲಿ ಬಹಳ ಇದ್ದಾರೆ. ಬೇರ್ಪಡಿಸಲು ಸುಲಭದ ಉಪಾಯ: ನೋವು ಬಂದ ಜಾಗದಿಂದ ಕಾಲನ್ನು ಸ್ವಲ್ಪ ಇಳಿಸಿ ಪಾದವನ್ನು ಮೇಲಕ್ಕೆ ಬಾಗಿಸಬೇಕು. ಚಳುಕು ಮತ್ತೆ ಬಂದರೆ ನರವೇ.

ಚೆನ್ನಾಗಿರುವ ಕಾಲು ಎತ್ತಿದಾಗ ನೋಯುವ ಕಾಲಿನಲ್ಲಿ ಚಳುಕು ಬಂದರೆ ಡಿಸ್ಕ್ ಹೊರಬಂದಿದೆ ಅನ್ನಲು ಅದು ಇನ್ನೂ ಗಟ್ಟಿ ಸಾಕ್ಷಿ. ನೋವು ತೊಡೆಯ ಮುಂಭಾಗದಲ್ಲಿದ್ದರೆ ಬೋರಲು ಮಲಗಿಸಿ ಮಂಡಿ ಮಡಚಿ ನೋಡಬೇಕು, ಅದು ಮೇಲಿನ ಸೊಂಟದ ನರಗಳಿಗೆ.

ಸೊಂಟ ನೋವು ಅಂತ ಬಂದವರಲ್ಲಿ ಎಷ್ಟೋ ಜನರದ್ದು ತೊಡೆಸಂದಿನ ಕೀಲಿನ ನೋವಾಗಿರುತ್ತದೆ. ಒಂದು ಕಾಲಿನ ಹರಡನ್ನು ಇನ್ನೊಂದು ಮಂಡಿ ಮೇಲಿಟ್ಟು, ಮಡಚಿದ ಮಂಡಿಯನ್ನು ಕೆಳಗೆ ಒತ್ತಬೇಕು. ತೊಡೆಸಂದಿನಲ್ಲಿ ನೋವು ಬಂದರೆ ಆ ಕೀಲು, ಹಿಂದೆ ಪೃಷ್ಠದ ಮೇಲ್ಭಾಗದಲ್ಲಿ ಬಂದರೆ ಬೆನ್ನು ಮತ್ತು ಸೊಂಟದ ಮೂಳೆ ಸೇರುವ ಕೀಲು. ಚಕ್ಕಳಮಕ್ಕಳ ಹಾಕಿ ಕೂರಲು ಇತ್ತೀಚೆಗೆ ಕಷ್ಟವಾಗುತ್ತಿದ್ದರೆ, ಅದರಲ್ಲೂ ಕುಡಿತ ಅಥವಾ ಸ್ಟೀರಾಯ್ಡ್ ಹಿನ್ನೆಲೆ ಇದ್ದರೆ, ತೊಡೆಸಂದಿನ ಎಕ್ಸ್‌ರೇ ಮಾಡಿಸಿ. ಆ ಕೀಲಿನ ಮೂಳೆಗೆ ರಕ್ತ ಹರಿಯುವುದು ನಿಂತು ಮೂಳೆ ಸಾಯುವ ಕಾಯಿಲೆ ಹರೆಯದವರಿಗೂ ಬರುತ್ತದೆ.

ಒಂದೇ ಪರೀಕ್ಷೆ ಹಿಡಿದು ತೀರ್ಪು ಕೊಡುವವರನ್ನು ನಂಬಬೇಡಿ. ನಡಿಗೆ, ಶಕ್ತಿ, ಸ್ಪರ್ಶ, ರಿಫ್ಲೆಕ್ಸ್, ಕಾಲೆತ್ತುವುದು, ಇವೆಲ್ಲ ಒಂದೇ ನರದ ಕಡೆ ಬೆರಳು ತೋರಿಸಬೇಕು.

ಹಂತ 9: ಕತ್ತು

ಕೈಗೆ ಹರಿಯುವ ನೋವಿಗೆ ಸ್ಪರ್ಲಿಂಗ್ ಪರೀಕ್ಷೆ: ತಲೆಯನ್ನು ನೋಯುವ ಬದಿಗೆ ಬಾಗಿಸಿ, ಮೇಲಿನಿಂದ ಹಗುರವಾಗಿ ಒತ್ತುವುದು. ಕೈಗೆ ಚಳುಕು ಇಳಿದರೆ ಕತ್ತಿನ ನರ. ಬಿದ್ದ ಪೆಟ್ಟು, ರುಮಟಾಯ್ಡ್ ಸಂಧಿವಾತ, ಅಥವಾ ಏಳನೇ ಹಂತದ ಗುರುತುಗಳು ಇದ್ದರೆ ಇದನ್ನು ಮಾಡಲೇಬಾರದು. ತಲೆಯನ್ನು ಮೆಲ್ಲಗೆ ಮೇಲೆತ್ತಿದಾಗ, ಅಥವಾ ಕೈಯನ್ನು ತಲೆ ಮೇಲೆ ಇಟ್ಟುಕೊಂಡಾಗ ಆರಾಮ ಅನ್ನಿಸಿದರೂ ಅದೇ ಅರ್ಥ. ರಾತ್ರಿ ಹಾಗೇ ಕೈ ತಲೆ ಮೇಲಿಟ್ಟು ಮಲಗುವವರು ತಮಗೆ ಗೊತ್ತಿಲ್ಲದೆ ಈ ಪರೀಕ್ಷೆ ಮಾಡಿಕೊಂಡಿರುತ್ತಾರೆ.

ಕತ್ತಿನ ಮೂಳೆಗಳ ಒಳಗೇ ಮೆದುಳಿಗೆ ಹೋಗುವ ಎರಡು ರಕ್ತನಾಳ ಹಾದುಹೋಗುತ್ತವೆ. ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಹಿಂದೆ ಕತ್ತನ್ನು ಹಿಂದಕ್ಕೆ ಬಾಗಿಸಿ ತಿರುಗಿಸಿ ಹಿಡಿದು ‘ತಲೆ ಸುತ್ತುತ್ತಾ’ ಅಂತ ಕೇಳುತ್ತಿದ್ದರು. ಆ ಪರೀಕ್ಷೆ ನಂಬಿಕೆಗೆ ಯೋಗ್ಯವಲ್ಲ. ಅದರಲ್ಲಿ ಪಾಸಾದರೂ ಅಪಾಯ ಇಲ್ಲ ಅಂತಲ್ಲ. ಬದಲಿಗೆ ಕೇಳಬೇಕಾದ್ದು: ಹಿಂದೆಂದೂ ಇಲ್ಲದಂಥ ಕತ್ತು ನೋವು ಅಥವಾ ಹಿಂದಲೆ ನೋವು ಒಮ್ಮೆಲೇ ಬಂದಿದೆಯಾ, ಒಂದು ವಸ್ತು ಎರಡಾಗಿ ಕಾಣುತ್ತಾ, ಮಾತು ತೊದಲುತ್ತಾ, ನುಂಗಲು ಕಷ್ಟವಾ, ಮುಖದ ಒಂದು ಕಡೆ ಜೋಮಾ, ನಿಂತಲ್ಲೇ ಕುಸಿದಿದ್ದೀರಾ? ಒಂದಕ್ಕೆ ಹೌದು ಅಂದರೂ ಕತ್ತು ಮುಟ್ಟುವಂತಿಲ್ಲ, ನೇರ ಆಸ್ಪತ್ರೆ.

ಕಟಿಂಗ್ ಶಾಪ್‌ನಲ್ಲಿ ಕೊನೆಗೆ ಕತ್ತು ಆ ಕಡೆ ಈ ಕಡೆ ಲಟಕ್ಕನೆ ತಿರುಗಿಸುವುದೂ ಇದೇ ಸಾಲಿಗೆ ಸೇರಿದ್ದು. ಬಿಪಿ ನೋಡಿಲ್ಲ, ಪ್ರಶ್ನೆ ಕೇಳಿಲ್ಲ. ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ, ಕತ್ತು ಬೇಡ ಅಂತ ಮೊದಲೇ ಹೇಳಿಬಿಡಿ.

ಹಂತ 10: ತೀರ್ಮಾನ

ಪರೀಕ್ಷೆ ಮುಗಿದ ಮೇಲೆ ಅವರು ನಿಮಗೆ ಮೂರರಲ್ಲಿ ಒಂದು ಹೇಳಬೇಕು: ಇದು ಕೀಲು, ಮಾಂಸಖಂಡದ ನೋವು, ಕೈಯಿಂದ ಚಿಕಿತ್ಸೆ ಮಾಡಬಹುದು, ಅಥವಾ ನರ ಸಿಕ್ಕಿದೆ, ಹುಷಾರಾಗಿ ಕಾದು ನೋಡಬೇಕು, ಅಥವಾ ಇದು ನನ್ನ ಕೆಲಸವಲ್ಲ, ಆಸ್ಪತ್ರೆಗೆ ಹೋಗಿ. ಮೂರನೇ ಮಾತನ್ನು ಹೇಳಬಲ್ಲವರ ಹತ್ತಿರ ಮೊದಲ ಎರಡು ಮಾತಿಗೂ ಬೆಲೆ.

ಎಂಆರ್‌ಐ ಇದ್ದರೆ ಇಷ್ಟೆಲ್ಲ ಯಾಕೆ ಅನ್ನುತ್ತೀರಿ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 50 ವರ್ಷದವರಲ್ಲಿ ಶೇ. 80 ಜನರಿಗೆ ಡಿಸ್ಕ್ ಸವೆತ, ಶೇ. 60 ಜನರಿಗೆ ಡಿಸ್ಕ್ ಉಬ್ಬು ಕಂಡಿತ್ತು. ಸ್ಕ್ಯಾನ್‌ನಲ್ಲಿ ಎಲ್ 4–ಎಲ್ 5 ಮೂಳೆಗಳ ಮಧ್ಯೆ ಉಬ್ಬು ಇದ್ದು, ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೆ ಆ ಉಬ್ಬು ನಿಮ್ಮ ನೋವಿಗೆ ಕಾರಣ ಆಗಿರಬೇಕಿಲ್ಲ. ‘ಗ್ಯಾಪ್ ಬಂದಿದೆ’ ಅನ್ನೋ ಒಂದು ಮಾತಿಗೆ ಹೆದರಿ ಪ್ಯಾಕೇಜ್ ಕಟ್ಟಬೇಡಿ. ಹತ್ತು, ಇಪ್ಪತ್ತು ಸಿಟ್ಟಿಂಗ್‌ಗೆ ಮುಂಗಡ ದುಡ್ಡು ಕೇಳಿದರೆ ನನ್ನ ಸಲಹೆ ಒಂದೇ, ಎದ್ದು ಬನ್ನಿ.

ಮಾಡಿಸುವುದು ಅಂತಾದರೆ ಏನು ಮಾಡುತ್ತಾರೆ, ಏನು ಅಪಾಯ, ಬೇರೆ ದಾರಿ ಏನಿದೆ ಅಂತ ಕನ್ನಡದಲ್ಲೇ ಹೇಳಿಸಿಕೊಂಡು ಒಪ್ಪಿಗೆ ಕೊಡಿ. ಬೇಡ ಅನ್ನಿಸಿದರೆ ಟೇಬಲ್ ಮೇಲೆ ಮಲಗಿದ ಮೇಲೂ ಬೇಡ ಅನ್ನಬಹುದು.

ಮೊದಲ ದಿನ ಬರೆದ ಅಂಕಗಳ ಒಂದು ಫೋಟೋ ನಿಮ್ಮ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಪ್ರತಿ ಸಲ ಹೋದಾಗ ಹಿಮ್ಮಡಿ ನಡಿಗೆ, ಹೆಬ್ಬೆರಳ ಶಕ್ತಿ, ಕಾಲೆತ್ತುವ ಕೋನ, ಇಷ್ಟನ್ನಾದರೂ ಮತ್ತೆ ನೋಡಲು ಹೇಳಿ. ನೋವು ಸೊಂಟದಲ್ಲಿ ಉಳಿದು ಕಾಲಿನಿಂದ ಹಿಂದೆ ಸರಿಯುತ್ತಿದ್ದರೆ ಒಳ್ಳೆಯದು. ಇನ್ನೊಂದು ಸಂದರ್ಭ ಇದೆ: ನೋವು ಕಡಿಮೆಯಾಯಿತು, ಆದರೆ ಹೋದ ವಾರ 4 ಇದ್ದ ಹೆಬ್ಬೆರಳ ಶಕ್ತಿ ಈ ವಾರ 3 ಆಗಿದೆ. ಇದನ್ನು ವಾಸಿ ಅಂದುಕೊಂಡು ಖುಷಿಪಡುವವರು ಇದ್ದಾರೆ. ನರ ಸೋಲುತ್ತಿರುವ ಲಕ್ಷಣ ಇದು. ಆ ದಿನ ಟೇಬಲ್ ಮೇಲೆ ಮಲಗಬೇಡಿ, ಅಂಕ ಬರೆದ ಚೀಟಿ ಹಿಡಿದು ಮೂಳೆ ಅಥವಾ ನರರೋಗದ ವೈದ್ಯರ ಹತ್ತಿರ ಹೋಗಿ.